ನ್ಯಾಯಪೀಠದ ಮೇಲೆ ದೂರು: ಕರ್ನಾಟಕ ಕಂಡ ಕೆಲವು ಪ್ರಕರಣಗಳು

ಪೊಲೀಸರ ಮೇಲೆ ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕೆಂದು ನಮ್ಮ ಜನರಿಗೆ ಹೆಚ್ಚು ಕಡಿಮೆ ತಿಳಿದಿದೆ. ತಾಲ್ಲೂಕು ಕಚೇರಿಯಲ್ಲಿ ಲಂಚ ಕೇಳಿದರೆ ಲೋಕಾಯುಕ್ತದ ಹೆಸರು ನೆನಪಾಗುತ್ತದೆ. ಆದರೆ ತೀರ್ಪು ಕೊಡುವ ಪೀಠದಲ್ಲಿ ಕುಳಿತವರ ಮಾತು ಅಥವಾ ನಡತೆಯೇ ಸರಿಯಿಲ್ಲವೆಂದು ತೋರಿದಾಗ ಯಾರ ಬಳಿ ಹೇಳಿಕೊಳ್ಳುವುದು? ಬೆಂಗಳೂರಿನ ಪಶ್ಚಿಮ ಭಾಗದ ನಮಗೆ ಈ ಪ್ರಶ್ನೆ 2024ರಲ್ಲಿ ತೀರ ಹತ್ತಿರಕ್ಕೆ ಬಂದಿತು.

ಆ ವರ್ಷದ ಆಗಸ್ಟ್ 28ರಂದು ಕರ್ನಾಟಕ ಹೈಕೋರ್ಟಿನಲ್ಲಿ ನಡೆದ ವಿಚಾರಣೆಯೊಂದರಲ್ಲಿ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಮೈಸೂರು ರಸ್ತೆ ಮೇಲ್ಸೇತುವೆಯ ಆಟೋರಿಕ್ಷಾಗಳ ಬಗ್ಗೆ ಮಾತನಾಡುತ್ತ, ಗೋರಿಪಾಳ್ಯದ ಕಡೆಯ ಪ್ರದೇಶ ಪಾಕಿಸ್ತಾನದಲ್ಲಿದೆ ಎಂಬರ್ಥದ ಮಾತನ್ನಾಡಿದರು. ಕಲಾಪ ನೇರ ಪ್ರಸಾರವಾಗುತ್ತಿದ್ದುದರಿಂದ ಮಾತು ದಾಖಲಾಗಿ ಉಳಿಯಿತು. ಮೂರು ವಾರಗಳ ನಂತರ ಅದರ ತುಣುಕು ದೇಶದಾದ್ಯಂತ ಹರಡಿತು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು ಹೈಕೋರ್ಟಿನಿಂದ ವರದಿ ಕೇಳಿತು. ಮರುದಿನ ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲೇ ವಿಷಾದ ವ್ಯಕ್ತಪಡಿಸಿದರು. ಸೆಪ್ಟೆಂಬರ್ 25ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಭಾರತದ ಯಾವ ಭೂಭಾಗವನ್ನೂ ಯಾರೂ ಪಾಕಿಸ್ತಾನವೆಂದು ಕರೆಯುವಂತಿಲ್ಲ ಎಂದು ಹೇಳಿ ಪ್ರಕರಣವನ್ನು ಮುಕ್ತಾಯಗೊಳಿಸಿತು.

ಗೋರಿಪಾಳ್ಯದ ಆಟೋ ಚಾಲಕನೊಬ್ಬ ಅದೇ ಮಾತಿನ ಬಗ್ಗೆ ಕಾಗದವೊಂದರಲ್ಲಿ ದೂರು ಬರೆದು ಕಳುಹಿಸಿದ್ದರೆ ಇಷ್ಟು ಬೇಗ ಫಲ ಸಿಗುತ್ತಿತ್ತೇ? ನಮಗೆ ಸಂಶಯವಿದೆ. ಇಲ್ಲಿ ಕೆಲಸ ಮಾಡಿದ್ದು ಯಾರೂ ಅಲ್ಲಗಳೆಯಲಾಗದ ದಾಖಲೆ. ಆ ತುಣುಕುಗಳನ್ನು ಹಂಚದಂತೆ ಹೈಕೋರ್ಟು ಈ ನಡುವೆ ಆದೇಶವನ್ನೂ ಹೊರಡಿಸಿತ್ತು. ಸುಪ್ರೀಂ ಕೋರ್ಟು ಮಾತ್ರ, ಇಂತಹದ್ದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ, ಇನ್ನಷ್ಟು ಬೆಳಕು ಬರಲು ಬಿಡುವುದು ಎಂಬ ನಿಲುವು ತಳೆಯಿತು.

ಸಂವಿಧಾನದಲ್ಲಿರುವ ದಾರಿ ಬಹಳ ಕಡಿದಾದದ್ದು. ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ಪದಚ್ಯುತಗೊಳಿಸಲು ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು. 1968ರ ಕಾಯಿದೆಯ ಪ್ರಕಾರ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಿದ ನಂತರವೇ ವಿಚಾರಣಾ ಸಮಿತಿಯ ಪ್ರಶ್ನೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧ ಸಮಿತಿಯೇ ಆರೋಪಗಳನ್ನು ಎತ್ತಿಹಿಡಿದಿದ್ದರೂ, 1993ರಲ್ಲಿ ಲೋಕಸಭೆಯಲ್ಲಿ 196 ಮಂದಿ ಪರವಾಗಿ ಮತ ಹಾಕಿ, 205 ಮಂದಿ ಮತದಾನದಿಂದ ದೂರ ಉಳಿದ ಕಾರಣ ನಿರ್ಣಯ ಬಿದ್ದುಹೋಯಿತು. 1999ರಲ್ಲಿ ಸುಪ್ರೀಂ ಕೋರ್ಟು ಆಂತರಿಕ ವಿಚಾರಣಾ ಪದ್ಧತಿಯೊಂದನ್ನು ಒಪ್ಪಿಕೊಂಡಿತು. ಅದರಂತೆ ನ್ಯಾಯಮೂರ್ತಿಗಳ ಮೇಲಿನ ದೂರನ್ನು ಹಿರಿಯ ನ್ಯಾಯಮೂರ್ತಿಗಳೇ ಪರಿಶೀಲಿಸುತ್ತಾರೆ. 2002ರಲ್ಲಿ ಮೈಸೂರಿನ ಘಟನೆಯೊಂದರ ಬಗ್ಗೆ ಕರ್ನಾಟಕ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಮೇಲೆ ಆರೋಪ ಬಂದಾಗ ಇದೇ ಪದ್ಧತಿಯಲ್ಲಿ ಸಮಿತಿ ರಚನೆಯಾಯಿತು. ಅವರು ದೋಷಮುಕ್ತರಾದರು, ವರದಿ ಮಾತ್ರ ಸಾರ್ವಜನಿಕರ ಕೈಗೆ ಬರಲಿಲ್ಲ. ಆರೋಪ ಸುಳ್ಳಾಗಿದ್ದರೆ ವರದಿ ಪ್ರಕಟಿಸುವುದು ಆ ನ್ಯಾಯಮೂರ್ತಿಗಳಿಗೇ ಒಳ್ಳೆಯದಲ್ಲವೇ?

ಇವೆಲ್ಲಕ್ಕಿಂತ ದೊಡ್ಡ ಪ್ರಕರಣ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಅವರದು. 2008ರ ಆಗಸ್ಟ್‌ನಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದರು. ಒಂದು ವರ್ಷದಲ್ಲಿ ಸುಪ್ರೀಂ ಕೋರ್ಟಿಗೆ ಅವರ ಹೆಸರು ಶಿಫಾರಸಾಯಿತು. ಆಗ ಚೆನ್ನೈನ ವಕೀಲರ ಗುಂಪೊಂದು, ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂ ಗ್ರಾಮದಲ್ಲಿ ಸರ್ಕಾರಿ ಜಮೀನು ಅತಿಕ್ರಮಣವಾಗಿದೆ ಎಂದು ದಾಖಲೆಗಳ ಸಮೇತ ದೂರು ಕೊಟ್ಟಿತು. ನ್ಯಾಯಮೂರ್ತಿಗಳು ಆರೋಪವನ್ನು ನಿರಾಕರಿಸಿದರು. ಬೆಂಗಳೂರಿನ ವಕೀಲರು ಬೀದಿಗಿಳಿದರು. 2009ರ ನವೆಂಬರ್ 9ರಂದು ಹೈಕೋರ್ಟಿನೊಳಗೇ ಗದ್ದಲವಾಯಿತು. ಅದು ಆ ಕಟ್ಟಡದ ಘನತೆಗೆ ತಕ್ಕ ದೃಶ್ಯವಾಗಿರಲಿಲ್ಲ. ನಿಜವಾದ ಹೆಜ್ಜೆ ಇಡಲಾದದ್ದು ಡಿಸೆಂಬರಿನಲ್ಲಿ, ರಾಜ್ಯಸಭೆಯ 75 ಸದಸ್ಯರು ಪದಚ್ಯುತಿ ನಿರ್ಣಯಕ್ಕೆ ಸಹಿ ಹಾಕಿದಾಗ. ಸಭಾಪತಿ ಹಮೀದ್ ಅನ್ಸಾರಿ ಅವರು ಅದನ್ನು ಅಂಗೀಕರಿಸಿ ಮೂವರ ಸಮಿತಿ ನೇಮಿಸಿದರು. 2010ರಲ್ಲಿ ದಿನಕರನ್ ಅವರನ್ನು ಸಿಕ್ಕಿಂ ಹೈಕೋರ್ಟಿಗೆ ವರ್ಗಾಯಿಸಲಾಯಿತು. ಬೆಂಗಳೂರಿನಲ್ಲಿ ಬೇಡವಾದವರು ಗ್ಯಾಂಗ್ಟಾಕ್‌ಗೆ ಹೇಗೆ ಸರಿಹೋಗುತ್ತಾರೆಂದು ಅಲ್ಲಿನವರು ಕೇಳಿದ್ದರೆ ತಪ್ಪಾಗುತ್ತಿರಲಿಲ್ಲ.

ಈ ಪ್ರಕರಣದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತಿರುವು ಇದೆ. ಸಮಿತಿಯ ಸದಸ್ಯರಲ್ಲೊಬ್ಬರಾದ ಹಿರಿಯ ವಕೀಲ ಪಿ.ಪಿ. ರಾವ್ ಅವರು ಈ ಹಿಂದೆ ದಿನಕರನ್ ಅವರ ಬಡ್ತಿಯನ್ನು ವಿರೋಧಿಸಿದ ಸಭೆಯೊಂದರಲ್ಲಿ ಭಾಗವಹಿಸಿದ್ದರು. ಹಾಗಾಗಿ ಅವರ ಸ್ಥಾನಕ್ಕೆ ಬೇರೆಯವರನ್ನು ನೇಮಿಸುವಂತೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ನ್ಯಾಯಾಧೀಶರ ಮೇಲಿನ ವಿಚಾರಣೆಯೂ ಪಕ್ಷಪಾತವಿಲ್ಲದೆ ನಡೆಯಬೇಕು. ಆರೋಪಿಯ ಸ್ಥಾನದಲ್ಲಿ ನಿಂತ ಮುಖ್ಯ ನ್ಯಾಯಮೂರ್ತಿಗೂ ಸಾಮಾನ್ಯನಿಗಿರುವ ಹಕ್ಕೇ ಇದೆ. ಅದೇ ತಿಂಗಳ 29ರಂದು ದಿನಕರನ್ ರಾಜೀನಾಮೆ ಕೊಟ್ಟರು. ಅಲ್ಲಿಗೆ ವಿಚಾರಣೆ ನಿಂತಿತು. ಆರೋಪ ಸಾಬೀತಾಗಲೂ ಇಲ್ಲ, ಸುಳ್ಳೆಂದು ತೀರ್ಮಾನವಾಗಲೂ ಇಲ್ಲ. ಇಷ್ಟು ಮಂದಿಯ ಶ್ರಮ ಒಂದು ರಾಜೀನಾಮೆ ಪತ್ರದಲ್ಲಿ ಕೊನೆಗೊಂಡದ್ದು ಈ ವ್ಯವಸ್ಥೆಯ ದೊಡ್ಡ ಕೊರತೆಯೆಂದೇ ನಮ್ಮ ಅಭಿಪ್ರಾಯ.

ನ್ಯಾಯಾಧೀಶರಷ್ಟೇ ಮುಖ್ಯರಾದವರು ಸರ್ಕಾರಿ ಅಭಿಯೋಜಕರು, ಜನರ ಮಾತಿನಲ್ಲಿ ಪಿ.ಪಿ. ಸಾಹೇಬರು. ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆ ಬೆಂಗಳೂರಿಗೆ ವರ್ಗವಾಗಿ ಬಂದಿತ್ತಲ್ಲ, ಅದರಲ್ಲಿ ವಿಶೇಷ ಅಭಿಯೋಜಕ ಭವಾನಿ ಸಿಂಗ್ ಅವರ ನೇಮಕವನ್ನು ಡಿ.ಎಂ.ಕೆ.ಯ ಕೆ. ಅನ್ಬಳಗನ್ ಪ್ರಶ್ನಿಸಿದರು. ಮೇಲ್ಮನವಿಯಲ್ಲಿ ವಾದಿಸಲು ಸಿಂಗ್ ಅವರನ್ನು ನೇಮಿಸುವ ಅಧಿಕಾರ ತಮಿಳುನಾಡು ಸರ್ಕಾರಕ್ಕೆ ಇರಲಿಲ್ಲವೆಂದು ಸುಪ್ರೀಂ ಕೋರ್ಟು 2015ರ ಏಪ್ರಿಲ್ 27ರಂದು ತೀರ್ಪಿತ್ತಿತು. ಆ ಅಧಿಕಾರ ಮೊಕದ್ದಮೆ ನಡೆಯುತ್ತಿದ್ದ ಕರ್ನಾಟಕಕ್ಕೆ ಸೇರಿದ್ದು. ಆರೋಪಿಯ ಪಕ್ಷವೇ ಆಳುತ್ತಿದ್ದ ರಾಜ್ಯ ಅಭಿಯೋಜಕರನ್ನು ಆರಿಸಿದರೆ ನ್ಯಾಯದ ಗತಿಯೇನು ಎಂಬುದು ಅಲ್ಲಿದ್ದ ಪ್ರಶ್ನೆ. ಸಾಮಾನ್ಯ ಮೊಕದ್ದಮೆಗಳಲ್ಲಿ ಅಭಿಯೋಜಕರು ಕೆಲಸದಲ್ಲಿ ಲೋಪ ಮಾಡಿದರೆ ಅಭಿಯೋಜನಾ ಇಲಾಖೆಯ ನಿರ್ದೇಶಕರಿಗೆ ಬರೆಯಬಹುದು.

ನಮ್ಮಲ್ಲಿ ಹೆಚ್ಚಿನವರ ವ್ಯವಹಾರ ಹೈಕೋರ್ಟಿನೊಡನೆ ಇರುವುದಿಲ್ಲ. ವಿಜಯನಗರ, ಕೆಂಗೇರಿಯ ಮನೆಬಾಡಿಗೆ ತಗಾದೆ, ಚೆಕ್ ಮೊಕದ್ದಮೆ, ಜೀವನಾಂಶದ ಅರ್ಜಿ ಇವು ಕೆಳಹಂತದ ನ್ಯಾಯಾಲಯಗಳಲ್ಲಿ ನಡೆಯುತ್ತವೆ. ಆ ನ್ಯಾಯಾಧೀಶರೆಲ್ಲರೂ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ನಿಯಂತ್ರಣದಲ್ಲಿದ್ದಾರೆ. ಅವರ ಮೇಲಿನ ದೂರು ಹೋಗಬೇಕಾದದ್ದೂ ಅಲ್ಲಿಗೇ. 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳ ಸೂಚನೆಯಂತೆ, ಇಂತಹ ದೂರಿನ ಜೊತೆ ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ಆಧಾರ ಇರಬೇಕು. ಹೆಸರಿಲ್ಲದ ಮೂಗರ್ಜಿಯಿಂದ ಏನೂ ಆಗದು. ತೀರ್ಪು ತಪ್ಪೆಂದು ತೋರಿದರೆ ಅದಕ್ಕೆ ಮೇಲ್ಮನವಿಯೇ ದಾರಿ. ದೂರು ಇರುವುದು ಲಂಚ, ನಿಂದನೆ, ಪಕ್ಷಪಾತದಂತಹ ನಡತೆಗೆ. ದೂರು ಕೊಟ್ಟರೆ ನ್ಯಾಯಾಂಗ ನಿಂದನೆಯಾಗುತ್ತದೆಂದು ಹೆದರಿ ಸುಮ್ಮನಾಗುವವರುಂಟು. 1971ರ ನ್ಯಾಯಾಂಗ ನಿಂದನೆ ಕಾಯಿದೆಯ 6ನೇ ಕಲಮಿನ ಪ್ರಕಾರ, ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಸಲ್ಲಿಸಿದ ಹೇಳಿಕೆ ನಿಂದನೆಯಾಗುವುದಿಲ್ಲ.