ಕಪ್ಪು-ಬಿಳಿ ಅಂಗಿಯ ಏಳುಬೀಳು: ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್‌ನ ಚರಿತ್ರೆ

ಭಾರತೀಯ ಫುಟ್ಬಾಲ್‌ನ ಚರಿತ್ರೆ ಎಂದೊಡನೆ 1911ರಲ್ಲಿ ಮೋಹನ್ ಬಗಾನ್ ಐಎಫ್‌ಎ ಶೀಲ್ಡ್ ಗೆದ್ದ ಪ್ರಸಂಗ ನೆನಪಾಗುತ್ತದೆ. ಅದೇ ತಂಡ ಕಲ್ಕತ್ತಾ ಲೀಗ್ ಗೆಲ್ಲಲು 1939ರವರೆಗೆ ಕಾಯಬೇಕಾಯಿತು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬ್ರಿಟಿಷ್ ತಂಡಗಳನ್ನು ಇಡೀ ಋತುವಿನುದ್ದಕ್ಕೂ, ವರ್ಷದ ಮೇಲೆ ವರ್ಷ ಹಿಂದಿಕ್ಕಿದ ಮೊದಲ ಭಾರತೀಯ ಕ್ಲಬ್ ಕಲ್ಕತ್ತಾದ ಮುಸ್ಲಿಂ ಸಮುದಾಯದ ಮೊಹಮ್ಮಡನ್ ಸ್ಪೋರ್ಟಿಂಗ್. ಈ ಕ್ಲಬ್‌ನ ಕಥೆಯನ್ನು ಬಹುಮಟ್ಟಿಗೆ ಕೋಮು ರಾಜಕಾರಣದ ಅಧ್ಯಾಯವಾಗಿ ಓದಲಾಗಿದೆ. ಆ ಓದಿಗೆ ಆಧಾರಗಳಿವೆ. ಆದರೆ ಮೈದಾನದಲ್ಲಿ ನಡೆದದ್ದನ್ನು ಅದೊಂದೇ ವಿವರಿಸಲಾರದು. ಕ್ಲಬ್‌ನ ಏಳಿಗೆಗೆ ಅದು ದೇಶದುದ್ದಗಲಕ್ಕೆ ಹರಡಿದ್ದ ಆಟಗಾರರ ಜಾಲ ಮುಖ್ಯ ಕಾರಣ. ಆ ಜಾಲ ಹರಿದದ್ದು ಇಳಿತಕ್ಕೆ ಮೂಲ ಎಂಬುದು ಈ ಲೇಖನದ ವಾದ.

ಹುಟ್ಟು ಮತ್ತು ಏಳಿಗೆ

1887ರ ಜುಬಿಲಿ ಕ್ಲಬ್‌ನಿಂದ ಆರಂಭವಾದ ಪ್ರಯತ್ನಗಳು ಕೆಲವು ಹೆಸರುಗಳನ್ನು ದಾಟಿ, 1891ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಆಗಿ ನೆಲೆಗೊಂಡವು. ಮುಂದಿನ ನಾಲ್ಕು ದಶಕ ಕ್ಲಬ್ ಕೆಳ ದರ್ಜೆಯಲ್ಲೇ ಉಳಿಯಿತು. 1934ರಲ್ಲಿ ಮೊದಲ ಬಾರಿಗೆ ಪ್ರಥಮ ಡಿವಿಷನ್‌ಗೆ ಬಂದ ತಂಡ ಅದೇ ವರ್ಷ ಲೀಗ್ ಗೆದ್ದಿತು. 1898ರಲ್ಲಿ ಶುರುವಾದ ಆ ಲೀಗ್ ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ಒಲಿದಿರಲಿಲ್ಲ. 1938ರವರೆಗೆ ಸತತ ಐದು ವರ್ಷ ಪ್ರಶಸ್ತಿ ಇವರದೇ. ನಡುವೆ 1936ರಲ್ಲಿ ಐಎಫ್‌ಎ ಶೀಲ್ಡ್ ಕೂಡ ಕೈಸೇರಿತು.

ಈ ಗೆಲುವಿನ ಹಿಂದೆ ಎರಡು ನಿರ್ಧಾರಗಳಿದ್ದವು. ಮೊದಲನೆಯದು, ಬಂಗಾಳದ ಗಡಿಗೆ ಸೀಮಿತವಾಗದೆ ಆಟಗಾರರನ್ನು ಹುಡುಕಿದ್ದು. ದೂರದ ಕ್ವೆಟ್ಟಾದಿಂದ ಜುಮ್ಮಾ ಖಾನ್ ಬಂದರು. ಬೆಂಗಳೂರಿನ ಆಟಗಾರರೂ ಈ ತಂಡದಲ್ಲಿ ಮಿಂಚಿದರು. ಎರಡನೆಯದು ಬೂಟಿನದು. ಬರಿಗಾಲಲ್ಲಿ ಆಡುವ ಭಾರತೀಯರು ಕಲ್ಕತ್ತಾದ ಮಳೆಗಾಲದ ಕೆಸರಿನಲ್ಲಿ ಜಾರುತ್ತಿದ್ದರು, ಬೂಟು ತೊಟ್ಟ ಸೈನಿಕ ತಂಡಗಳಿಗೆ ಅದು ವರವಾಗುತ್ತಿತ್ತು. ಒದ್ದೆ ನೆಲಕ್ಕೆ ಬೂಟು, ಒಣ ನೆಲಕ್ಕೆ ಬರಿಗಾಲು ಎಂಬ ಪದ್ಧತಿ ರೂಢಿಸಿಕೊಂಡ ಮೊಹಮ್ಮಡನ್ ಎದುರಾಳಿಗಳ ಆ ಅನುಕೂಲವನ್ನು ಕಸಿದುಕೊಂಡಿತು.

ಬರಿಗಾಲಿನ ಕೌಶಲಕ್ಕೆ ಅತ್ಯುತ್ತಮ ಸಾಕ್ಷಿ ಈ ತಂಡದ ವಿಂಗರ್ ಮೊಹಮ್ಮದ್ ಸಲೀಂ. 1936ರಲ್ಲಿ ಗ್ಲಾಸ್ಗೋಗೆ ಹೋದ ಸಲೀಂ, ಸೆಲ್ಟಿಕ್ ಕ್ಲಬ್‌ನ ಮೀಸಲು ತಂಡದ ಪರ ಹ್ಯಾಮಿಲ್ಟನ್ ಮತ್ತು ಗಾಲ್ಸ್ಟನ್ ತಂಡಗಳ ವಿರುದ್ಧ ಎರಡು ಪಂದ್ಯ ಆಡಿದರು. ಆ ದಿನಗಳ ಒಂದು ಛಾಯಾಚಿತ್ರ ಉಳಿದಿದೆ: ಸೆಲ್ಟಿಕ್‌ನ ಹಳೆಯ ಆಟಗಾರ ಜಿಮ್ಮಿ ಮೆಕ್‌ಮೆನೆಮಿ ಸಲೀಂ ಅವರ ಪಾದಕ್ಕೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ವಸಾಹತಿನ ಆಟಗಾರನ ಕಾಲಿಗೆ ಬ್ರಿಟನ್ನಿನ ದೊಡ್ಡ ಕ್ಲಬ್ಬೊಂದು ತೋರಿದ ಈ ಮುತುವರ್ಜಿ ಆ ಕಾಲಕ್ಕೆ ಅಪರೂಪದ್ದು. ಅಲ್ಲೇ ಉಳಿಯುವ ಅವಕಾಶವಿದ್ದರೂ ಊರಿನ ಸೆಳೆತಕ್ಕೆ ಸಲೀಂ ಮರಳಿದರು.

1940: ಶಿಖರ

ಬಂಗಾಳದ ಫುಟ್ಬಾಲ್ ಆಡಳಿತ ಸಂಸ್ಥೆಯಾದ ಐಎಫ್‌ಎ ಜೊತೆಗಿನ ತಕರಾರಿನಿಂದ ಮೊಹಮ್ಮಡನ್, ಈಸ್ಟ್ ಬೆಂಗಾಲ್ ಮುಂತಾದ ಕ್ಲಬ್‌ಗಳು 1939ರ ಲೀಗ್‌ನಿಂದ ಹೊರನಡೆದವು. ಮರುವರ್ಷ ತಂಡ ಲೀಗ್ ಜೊತೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನೂ ದಿಲ್ಲಿಯ ಡುರಾಂಡ್ ಕಪ್ಪನ್ನೂ ಗೆದ್ದಿತು. ರೋವರ್ಸ್ ಫೈನಲ್‌ನಲ್ಲಿ ಅದು 1-0ಯಿಂದ ಸೋಲಿಸಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡವನ್ನು. 1937ರಲ್ಲಿ ಆ ಕಪ್ ಗೆದ್ದ ಮೊದಲ ಭಾರತೀಯ ತಂಡವೆಂಬ ಹಿರಿಮೆ ಇದೇ ಬೆಂಗಳೂರು ತಂಡದ್ದು. ಡುರಾಂಡ್ ಫೈನಲ್‌ನಲ್ಲಿ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟ್ 2-1ರಿಂದ ಸೋತಿತು. 1888ರಲ್ಲಿ ಸೈನಿಕರಿಗಾಗಿ ಆರಂಭವಾದ ಪಂದ್ಯಾವಳಿಯನ್ನು ಭಾರತೀಯ ನಾಗರಿಕ ತಂಡವೊಂದು ಗೆದ್ದದ್ದು ಅದೇ ಮೊದಲು.

ವಿಭಜನೆಯ ನಂತರ

1947ರ ದೇಶ ವಿಭಜನೆ ಆಟಗಾರರನ್ನೂ ಪೋಷಕರನ್ನೂ ಗಡಿಯಾಚೆಗೆ ಒಯ್ದಿತು. ಢಾಕಾದಲ್ಲಿದ್ದ ಅದೇ ಹೆಸರಿನ ಕ್ಲಬ್ ಬಲಗೊಂಡರೆ ಕಲ್ಕತ್ತಾದ ಕ್ಲಬ್ ಸೊರಗಿತು. ಆದರೂ ಅದು ಕೂಡಲೇ ಕುಸಿದುಬೀಳಲಿಲ್ಲ. 1948, 1957 ಮತ್ತು 1967ರಲ್ಲಿ ಲೀಗ್, 1956ರಲ್ಲಿ ರೋವರ್ಸ್ ಕಪ್ ದೊರೆತವು. 1960ರಲ್ಲಿ ಢಾಕಾದ ಆಗಾ ಖಾನ್ ಗೋಲ್ಡ್ ಕಪ್ ಗೆದ್ದು, ಹೊರದೇಶದಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯ ಕ್ಲಬ್ ಎನಿಸಿತು. ಬದಲಾದದ್ದು ಗೆಲುವುಗಳ ಅಂತರ. ಮೊದಲು ವರ್ಷಕ್ಕೊಂದು ಬರುತ್ತಿದ್ದ ಲೀಗ್ ಪ್ರಶಸ್ತಿ ಈಗ ದಶಕಕ್ಕೊಂದಾಯಿತು.

1980ರ ದಶಕದಲ್ಲಿ ಕ್ಲಬ್ ತನ್ನ ಹಳೆಯ ದಾರಿಯನ್ನೇ ಮತ್ತೆ ಹಿಡಿಯಿತು. ಇರಾನಿನ ಮಜೀದ್ ಬಿಷ್ಕರ್, ಜಮ್ಶೀದ್ ನಸೀರಿ, ನೈಜೀರಿಯಾದ ಚೀಮಾ ಒಕೋರಿ ಕಪ್ಪು-ಬಿಳಿ ಅಂಗಿ ತೊಟ್ಟರು. 1981ರಲ್ಲಿ ಲೀಗ್, 1983 ಮತ್ತು 1984ರಲ್ಲಿ ಫೆಡರೇಷನ್ ಕಪ್ ಬಂದವು. ಬಳಿಕ ಹಣದ ಮುಗ್ಗಟ್ಟು ಬಿಗಿಯಾಯಿತು. 2013ರಲ್ಲಿ ಡುರಾಂಡ್ ಗೆದ್ದ ಕ್ಲಬ್, ಮರುವರ್ಷವೇ ಹಿರಿಯರ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಹೂಡಿಕೆದಾರರು ಬಂದ ಮೇಲೆ 2021ರಲ್ಲಿ, 40 ವರ್ಷಗಳ ನಂತರ, ಕಲ್ಕತ್ತಾ ಲೀಗ್ ಮರಳಿತು. 2022 ಮತ್ತು 2023ರಲ್ಲೂ ಅದನ್ನು ಉಳಿಸಿಕೊಂಡರು. 2023-24ರ ಐ-ಲೀಗ್ ಗೆದ್ದು ಅಗ್ರ ದರ್ಜೆಯ ಐಎಸ್‌ಎಲ್ ಪ್ರವೇಶಿಸಿದರೂ ಮೊದಲ ಋತುವಿನಲ್ಲೇ ಕೊನೆಯ ಸ್ಥಾನಕ್ಕಿಳಿದರು.

ಉಪಸಂಹಾರ

ಏಳಿಗೆಯ ಪ್ರತಿ ಘಟ್ಟದಲ್ಲೂ ಈ ಕ್ಲಬ್ ಹೊರಗಿನ ಪ್ರತಿಭೆಗೆ ಬಾಗಿಲು ತೆರೆದಿತ್ತು, ಅದನ್ನು ಸಾಕುವ ಪೋಷಕರೂ ಬೆನ್ನಿಗಿದ್ದರು. ಇವೆರಡರಲ್ಲಿ ಒಂದು ತಪ್ಪಿದಾಗಲೂ ತಂಡ ಎಡವಿದೆ. ಪ್ರಾಂತ್ಯದ ಗಡಿ ದಾಟಿ ಆಟಗಾರರನ್ನು ಕಲೆಹಾಕುವುದು ಇಂದು ಭಾರತದ ಎಲ್ಲ ಕ್ಲಬ್‌ಗಳ ಸಾಮಾನ್ಯ ರೀತಿ. ಅದರ ಫಲವನ್ನು 1934ರಲ್ಲೇ ತೋರಿಸಿಕೊಟ್ಟವರಿಗೆ ಭಾರತೀಯ ಫುಟ್ಬಾಲ್‌ನ ಚರಿತ್ರೆಯಲ್ಲಿ 1911ರ ವೀರರಿಗೆ ಸರಿಸಮನಾದ ಸ್ಥಾನ ಸಲ್ಲಬೇಕು.