ತಾರಿ ದೋಣಿ ಹತ್ತುವ ಮುನ್ನ ಇಷ್ಟು ನೋಡಿ. ಮಕ್ಕಳಿಗೆ ಈಜು ಕಲಿಸಿ

ಕಾರವಾರ: 2019ರ ಜನವರಿ 21ರಂದು ಕೂರ್ಮಗಡ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡರು. ಮಿತಿಗಿಂತ ಹೆಚ್ಚು ಜನ ದೋಣಿಯಲ್ಲಿದ್ದರು. ನಮ್ಮ ಜಿಲ್ಲೆಯಲ್ಲಿ ಸೇತುವೆಗಳು ಹೆಚ್ಚಿದರೂ ತಾರಿ ನಿಂತಿಲ್ಲ. ತದಡಿ–ಅಘನಾಶಿನಿ ನಡುವೆ ಈಗಲೂ ದೋಣಿಯೇ ಹತ್ತಿರದ ದಾರಿ. ಹಾಗಾಗಿ ಈ ಮಾಹಿತಿ ಪ್ರತಿ ಮನೆಯಲ್ಲೂ ಇರಲಿ.

ದೋಣಿ ಮಗುಚುವುದು ಯಾಕೆ?

ಹೆಚ್ಚಿನ ದುರಂತಗಳಿಗೆ ಬಿರುಗಾಳಿಯೇ ಬೇಕಿಲ್ಲ, ಜನರ ಭಾರವೇ ಸಾಕು. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಾಗ ದೋಣಿ ವಾಲಿ 45 ಮಂದಿ ಸತ್ತರು. ತಾನೂರಿನಲ್ಲಿ 2023ರ ಮೇ 7ರಂದು ಮಿತಿಮೀರಿ ಜನರನ್ನು ಹತ್ತಿಸಿದ್ದ ದೋಣಿ ಮಗುಚಿ 22 ಮಂದಿ ತೀರಿಕೊಂಡರು.

ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಆಗ ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ. ಜನ ಎದ್ದು ನಿಂತರೆ ದೋಣಿಯ ತೂಕ ಮೇಲೇರಿ ಬೇಗ ವಾಲುತ್ತದೆ. ಅಳಿವೆ ಬಾಗಿಲಲ್ಲಿ ಇನ್ನೊಂದು ಅಪಾಯ ಇದೆ: ಇಳಿತದ ಹೊತ್ತಿಗೆ ನೀರು ಸಮುದ್ರದ ಕಡೆ ಜೋರಾಗಿ ಎಳೆಯುತ್ತದೆ.

ಹತ್ತುವ ಮುಂಚೆ

- ಎಷ್ಟು ಜನರ ದೋಣಿ ಎಂದು ಕೇಳಿ. ತುಂಬಿದ್ದರೆ ಮುಂದಿನ ಟ್ರಿಪ್‌ಗೆ ಕಾಯಿರಿ. ಅರ್ಧ ಗಂಟೆ ತಡವಾದರೆ ಏನೂ ಮುಳುಗುವುದಿಲ್ಲ.
- ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಬಕಲ್ ಬಿಗಿ ಮಾಡಿ. ಸೀಟಿನ ಕೆಳಗೆ ಗಂಟು ಕಟ್ಟಿಟ್ಟ ಜಾಕೆಟ್‌ನಿಂದ ಪ್ರಯೋಜನ ಇಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ದೊಡ್ಡದಾದರೆ ನೀರಿನಲ್ಲಿ ತಲೆ ಮೇಲಿಂದ ಜಾರಿಹೋಗುತ್ತದೆ.
- ಕೂತೇ ಪ್ರಯಾಣಿಸಿ. ಸೆಲ್ಫಿಗೆಂದು ಒಂದೇ ಬದಿಗೆ ಹೋಗಬೇಡಿ.
- ಬ್ಯಾಗ್‌ನ ಪಟ್ಟಿ ಕುತ್ತಿಗೆಗೆ ಅಡ್ಡ ಹಾಕಬೇಡಿ.

ಅಂಗಡಿಯವರಿಗೆ

ಅಕ್ಕಿ ಮೂಟೆ, ಸಿಲಿಂಡರ್, ಬೈಕ್ ಎಲ್ಲವೂ ಭಾರವೇ. ಜನ ತುಂಬಿದ ಟ್ರಿಪ್‌ನಲ್ಲಿ ಸಾಮಾನು ಕಳಿಸಬೇಡಿ. ಮೂಟೆಗಳನ್ನು ಒಂದರ ಮೇಲೊಂದು ಪೇರಿಸದೆ ದೋಣಿಯ ನಡುವೆ, ತಳದಲ್ಲೇ ಇಡಿಸಿ. ಧಕ್ಕೆ ಪಕ್ಕದ ಅಂಗಡಿಯವರು ಒಂದು ಉದ್ದ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಯಾರಾದರೂ ಬಿದ್ದರೆ ಮೊದಲು ಕೆಲಸಕ್ಕೆ ಬರುವುದು ಅದೇ.

ದೋಣಿ ಮಗುಚಿದರೆ

ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಳ್ಳಿ. ದಡ ಹತ್ತಿರ ಕಂಡರೂ ಸೆಳೆತಕ್ಕೆ ಎದುರಾಗಿ ಈಜಿ ಸುಸ್ತಾಗಬೇಡಿ. ಬೆನ್ನ ಮೇಲೆ ಮಲಗಿ ಬಾಯಿ, ಮೂಗು ನೀರಿನ ಮೇಲಿರುವಂತೆ ತೇಲಿ. ದಡದಲ್ಲಿದ್ದವರು ಹಗ್ಗ, ಬಿದಿರು ಗಳ, ಕ್ಯಾನ್ ಎಸೆಯಿರಿ. ಈಜು ಬಾರದವರು ಹಾರಿದರೆ ಒಂದರ ಬದಲು ಎರಡು ಜೀವ ಹೋಗುತ್ತದೆ.

ಮೇಲೆತ್ತಿದವರನ್ನು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತಾ ಮುಂದುವರಿಸಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093.

ಈಜು ಕಲಿಸುವುದು

ಶಾಲೆಗೆ ಹೋಗುವ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಿಂದೆ ನಮ್ಮಲ್ಲಿ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿ ಕೆರೆಗೆ, ಬಾವಿಗೆ ಇಳಿಸುತ್ತಿದ್ದರು. ಈಗ ಹೊಳೆ ಪಕ್ಕದ ಮನೆಗಳಲ್ಲೂ ಈಜು ಬಾರದ ಮಕ್ಕಳಿದ್ದಾರೆ. ಹೆಣ್ಣುಮಕ್ಕಳನ್ನಂತೂ ನೀರಿಗೆ ಇಳಿಸುವುದೇ ಕಡಿಮೆ. ಅವರೂ ಅದೇ ದೋಣಿಯಲ್ಲಿ ಕಾಲೇಜಿಗೆ ಹೋಗುತ್ತಾರೆ.

ಮೊದಲು ತೇಲುವುದು, ಉಸಿರು ಹಿಡಿಯುವುದು, ಆಮೇಲೆ ಕೈಕಾಲು ಬಡಿಯುವುದು. ಎದೆಮಟ್ಟದ ನಿಂತ ನೀರಿನಲ್ಲಿ, ಈಜು ಬಲ್ಲ ದೊಡ್ಡವರು ಕೈಯಳತೆಯಲ್ಲೇ ಇರಬೇಕು. ಸ್ವಲ್ಪ ಕಲಿತ ಮೇಲೆ ಬಟ್ಟೆ ಹಾಕಿಕೊಂಡೇ ತೇಲುವುದನ್ನೂ ರೂಢಿ ಮಾಡಿಸಿ. ದೋಣಿಯಿಂದ ಬೀಳುವಾಗ ಯಾರೂ ಈಜುಡುಗೆಯಲ್ಲಿ ಇರುವುದಿಲ್ಲ. ಈಜು ಬಂತು ಅಂತ ಲೈಫ್ ಜಾಕೆಟ್ ಮಾತ್ರ ಬಿಡಬೇಡಿ.