ಕೂಲಿಮಠದ ಲೆಕ್ಕ ಮತ್ತು ಕಸುಬಿನ ಪಾಠ

ಉದ್ಯಮಶೀಲತೆಯನ್ನು ಸಾಮಾನ್ಯ ಶಿಕ್ಷಣದೊಳಗೇ ಕಲಿಸಬೇಕೆಂಬುದು ಇಂದು ಹೊಸ ವಿಚಾರವೆಂಬಂತೆ ಮಂಡಿತವಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ನಮ್ಮ ಕೂಲಿಮಠಗಳಲ್ಲಾದರೋ ವ್ಯವಹಾರಜ್ಞಾನವು ಅಕ್ಷರಾಭ್ಯಾಸದಿಂದ ಬೇರೆಯಾಗಿರಲಿಲ್ಲ.

ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸಿನ ಕಂದಾಯ ಮಂಡಳಿಗೆ ಸಲ್ಲಿಸಿದ ವರದಿ ಇದಕ್ಕೆ ಆಧಾರ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಮಗು ಮುಂದೆ ಹಲಗೆ, ಕಡತಗಳಿಗೆ ಬರುತ್ತಿತ್ತು. ಮಗ್ಗಿ, ಭಿನ್ನರಾಶಿ, ಹಣ ಮತ್ತು ಧಾನ್ಯದ ಲೆಕ್ಕಗಳನ್ನು ಕಲಿಯುತ್ತಿತ್ತು. ಉಪಾಧ್ಯಾಯರು ಅಲ್ಲಲ್ಲಿಂದ ಸಂಗ್ರಹಿಸಿ ತಂದ ಓಲೆಗಳನ್ನು ಓದಿಸಿ ಬಗೆಬಗೆಯ ಕೈಬರಹಗಳನ್ನು ಪರಿಚಯಿಸುತ್ತಿದ್ದರು. ಕರಾರುಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಅಪರಿಚಿತನ ಬರಹವನ್ನು ಓದಲಾರದವನು ಸಂತೆಯಲ್ಲಿ ಮೋಸಹೋಗುವುದು ಸಹಜವಲ್ಲವೆ?

ಈ ಪದ್ಧತಿಯನ್ನು ವೈಭವೀಕರಿಸುವುದು ಸಲ್ಲದು. ಅರ್ಥವರಿಯದ ಬಾಯಿಪಾಠವನ್ನು ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದಾನೆ. ಜಿಲ್ಲೆಯ 533 ಶಾಲೆಗಳಲ್ಲಿದ್ದ 6,641 ವಿದ್ಯಾರ್ಥಿಗಳ ಪೈಕಿ ಹಿಂದೂ ಹೆಣ್ಣುಮಕ್ಕಳೆಂದು ಲೆಕ್ಕಕ್ಕೆ ಬಂದವರು 60 ಮಾತ್ರ.

ಆದರೂ ವರದಿಯ ಮುಖ್ಯಾಂಶ ಬೇರೆಯದು. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಆಗ ಶಾಲೆಗಳೇ ಉಳಿದಿರಲಿಲ್ಲ. ಯುರೋಪಿನ ಬಟ್ಟೆ ಬಂದು ಇಲ್ಲಿಯ ಹತ್ತಿಬಟ್ಟೆಯ ಸ್ಥಾನವನ್ನು ಆಕ್ರಮಿಸಿದ್ದರಿಂದ ಕಸುಬುದಾರರ ಸಂಪಾದನೆ ಕುಗ್ಗಿದುದನ್ನು ಆ ಅಧಿಕಾರಿಯೇ ಒಂದು ಕಾರಣವೆಂದು ಒಪ್ಪಿಕೊಂಡಿದ್ದಾನೆ. ಮಗ್ಗ ನಿಂತ ಮನೆಯವರಿಗೆ ಮಠದ ಕೂಲಿಯನ್ನು ತೆರಲಾಗಲಿಲ್ಲ.